ಓರಗಿತ್ತಿಯ ಕೋಳಿಗಳು

ಹೊಲಿಗೆ ಹೆಂಗಸರ ನಡುವೆ ಓಡಾಡುವ ಈ ಕಥೆಯನ್ನು ನಾನು ಮೂವರ ಬಾಯಿಂದ ಕೇಳಿದ್ದೇನೆ. ಕೋಳಿಗಳ ಸಂಖ್ಯೆಯನ್ನು ಮೂವರೂ ಬೇರೆ ಬೇರೆಯಾಗಿ ಹೇಳಿದರು. ಕೊನೆಯನ್ನು ಮಾತ್ರ ಮೂವರೂ ಒಂದೇ ರೀತಿ ಹೇಳಿದರು. ಹೆಚ್ಚಿನ ವಿವರ ಕೊಟ್ಟವಳು ಅಂಗಿಗಳಿಗೆ ಗುಂಡಿಮನೆ, ಅಂದರೆ ಕಾಜಾ, ಹೊಲಿಯುವ ಒಬ್ಬ ಮುದುಕಿ. ಅವಳ ಲೆಕ್ಕದಲ್ಲಿ ಮನೆಗೆ ಐದೈದು ಕೋಳಿ. ಇಲ್ಲಿ ಅವಳ ಹೇಳಿಕೆಯನ್ನೇ ಅನುಸರಿಸಿದ್ದೇನೆ.

ನಡುವೆ ಗೋಡೆಯೆಬ್ಬಿಸಿ ಒಂದು ಮನೆಯನ್ನು ಎರಡಾಗಿಸಿಕೊಂಡ ಅಣ್ಣತಮ್ಮಂದಿರಿದ್ದರು. ಅಣ್ಣನ ಹೆಂಡತಿ ಮನೆಯಲ್ಲೇ ಹೊಲಿಗೆ ಯಂತ್ರವಿಟ್ಟುಕೊಂಡು ಊರಿನವರ ಬಟ್ಟೆ ಹೊಲಿಯುತ್ತಿದ್ದಳು. ತಮ್ಮನ ಹೆಂಡತಿ ಮದುವೆಯಾಗಿ ಎರಡೇ ವರ್ಷವಾದ, ಮಾತಿಗೆ ಮುಂಚೆ ನಗುವ ಹುಡುಗಿ. ಬೀದಿಯ ಕಡೆಗಿದ್ದ ಕೋಣೆಯಿಂದ ಎರಡು ಮನೆಗೂ ಬಾಗಿಲಿತ್ತು. ಅಲ್ಲಿ ಅತ್ತೆ ಇದ್ದರು. ಹಲ್ಲೆಲ್ಲ ಉದುರಿದ ಮೇಲೆ ಅತ್ತೆಯ ಬೆಳಗಿನ ಆಹಾರವೆಂದರೆ ಅರೆಬೆಂದ ಒಂದು ಮೊಟ್ಟೆ. ತಮ್ಮದೇ ಗಿಡ್ಡ ಸ್ಟೂಲನ್ನು ಕಂಕುಳಲ್ಲಿ ಇರುಕಿಕೊಂಡು ಬಂದು, ಹಿರಿಯ ಸೊಸೆಯ ಒಲೆಯ ಪಕ್ಕ ಕೂತು ಅವರು ಅದನ್ನು ತಿನ್ನುವುದು ಏಳು ವರ್ಷಗಳ ರೂಢಿ. ಹಿರಿಯ ಸೊಸೆ ತಾಯಿಯಿಲ್ಲದೆ ಬೆಳೆದವಳು. ಮನೆ ಒಡೆದಾಗ ಪಾತ್ರೆ, ಕಪಾಟು, ಹಿತ್ತಿಲು ಯಾವುದಕ್ಕೂ ಅವಳು ತಕರಾರು ತೆಗೆದಿರಲಿಲ್ಲ. ಬೆಳಗಿನ ಆ ಅರ್ಧ ಗಂಟೆಯನ್ನು ಮಾತ್ರ ಯಾರೊಂದಿಗೂ ಪಾಲು ಮಾಡಿಕೊಳ್ಳಲು ಅವಳ ಮನಸ್ಸು ಸಿದ್ಧವಿರಲಿಲ್ಲ.

ಆ ವರ್ಷ ವಸಂತದಲ್ಲಿ ಅತ್ತೆ ಒಂದೇ ತಾಯಿಕೋಳಿಯ ಮರಿಗಳನ್ನು ಇಬ್ಬರು ಸೊಸೆಯರಿಗೂ ಐದೈದರಂತೆ ಕೊಟ್ಟರು. ಮಳೆಗಾಲದ ಕೊನೆಗೆ ಎರಡೂ ಗೂಡುಗಳಲ್ಲಿ ಮೊಟ್ಟೆ ಶುರುವಾಯಿತು. ಹಗಲು ಕುಗ್ಗುತ್ತ ಬಂದಂತೆ ಹಿರಿಯಳ ಗೂಡಿನಲ್ಲಿ ದಿನಕ್ಕೆ ಐದಿದ್ದ ಮೊಟ್ಟೆ ಮೂರಾಯಿತು, ಒಂದಾಯಿತು. ಚಳಿ ಬಿದ್ದ ಎರಡನೆಯ ವಾರ ಹುಲ್ಲಿನಲ್ಲಿ ಕೈಯಾಡಿಸಿದರೆ ಹುಲ್ಲು ಮಾತ್ರ ಸಿಕ್ಕಿತು. ಆಚೆಯ ಗೂಡಿನಲ್ಲಾದರೋ ಬೆಳಗಾದರೆ ಕೊಕ್ಕೊಕ್ಕೋ ಎಂಬ ಗದ್ದಲ.

ಒಂದು ಬೆಳಿಗ್ಗೆ ಅತ್ತೆ ಸ್ಟೂಲನ್ನು ಎತ್ತಿಕೊಂಡು ಈಚೆಯ ಬಾಗಿಲವರೆಗೆ ಬಂದವರು, ಹೊಸಿಲಲ್ಲಿ ನಿಂತು ಕೇಳಿದರು.

"ಇವತ್ತೂ ಇಲ್ವಾ?"

"ಅಂಗಡಿಯಿಂದ ತರಿಸಿದೀನಿ ಅತ್ತೆ. ಕೂತ್ಕೊಳ್ಳಿ."

"ಅಂಗಡೀದು ರಟ್ಟಿನ ವಾಸನೆ ಕಣಮ್ಮ. ಗಂಟಲಲ್ಲಿ ಇಳಿಯಲ್ಲ." ಸ್ಟೂಲನ್ನು ಕಂಕುಳಿಗೆ ಸೇರಿಸಿಕೊಂಡು, "ಆ ಕಡೆ ಹೋಗಿ ತಿಂದ್ಕೊಂಡು ಬರ್ತೀನಿ," ಎಂದರು.

ಹೋದವರು ಮಧ್ಯಾಹ್ನದವರೆಗೆ ಬರಲಿಲ್ಲ. ಗೋಡೆಯಾಚೆ ಕಿರಿಯಳ ನಗು, ಅದರ ಬೆನ್ನಿಗೆ ಅತ್ತೆಯ ನಗು. ಅತ್ತೆ ಹಾಗೆ ಸದ್ದು ಮಾಡಿ ನಗಬಲ್ಲರೆಂಬುದೇ ಹಿರಿಯಳಿಗೆ ಗೊತ್ತಿರಲಿಲ್ಲ. ಅವಳು ಪೆಡಲನ್ನು ಬಿರುಸಾಗಿ ತುಳಿದಳು. ಹೊಲಿಯುತ್ತಿದ್ದ ಅಂಗಿಯ ಒಂದು ತೋಳು ಉಲ್ಟಾ ಸೇರಿಕೊಂಡಿತು.

ಅಂದಿನಿಂದ ಅವಳ ಹೊಟ್ಟೆಯಲ್ಲಿ ಕೆಂಡ ಬಿದ್ದಂತಾಯಿತು. ಕಿರಿಯಳು ಕೋಳಿಗೆ ಏನೋ ತಿನ್ನಿಸುತ್ತಿದ್ದಾಳೆ ಎಂದುಕೊಂಡಳು. ಬಟ್ಟೆ ಒಣಹಾಕುವ ನೆಪದಲ್ಲಿ ಗೋಡೆಯ ಮೇಲಿಂದ ಇಣುಕಿದಳು. ಅದೇ ಜೋಳದ ನುಚ್ಚು, ಅದೇ ಸೊಪ್ಪಿನ ದಂಟು. ಹಾಗಾದರೆ ಚಳಿಯೇ ಕಾರಣವಿರಬೇಕು. ತನ್ನ ಗೂಡಿರುವುದು ಹಿತ್ತಿಲ ಮೂಲೆಯಲ್ಲಿ, ನೀರಿನ ತೊಟ್ಟಿಯ ಹಿಂದೆ. ಯಂತ್ರದ ಕೋಣೆಗೆ ಕೋಳಿಯ ಗಲಾಟೆ ಕೇಳಿಸಬಾರದೆಂದು ತಾನೇ ಆರಿಸಿದ ಜಾಗ. ಅವಳು ಗೂಡಿಗೆ ಗೋಣಿ ಸುತ್ತಿದಳು. ಮೊಟ್ಟೆ ಬರಲಿಲ್ಲ. ಇನ್ನೆರಡು ಗೋಣಿ ಸುತ್ತಿ, ಸಂದುಗಳಿಗೆಲ್ಲ ಕತ್ತರಿಸಿ ಉಳಿದ ಬಟ್ಟೆಯ ಚೂರು ತುರುಕಿದಳು.

"ಕೋಳಿಗೆ ಕೋಟು ಹೊಲೀತಾ ಇದೀಯಾ?" ಎಂದ ಗಂಡ, ಅಂಚೆ ವಿಂಗಡಿಸುವ ಕೆಲಸಕ್ಕೆ ಹೊರಟವನು.

"ನಿಮ್ಮ ತಮ್ಮನ ಹೆಂಡ್ತಿ ಕೋಳಿಗಿಂತ ನನ್ನ ಕೋಳಿ ಯಾವುದರಲ್ಲಿ ಕಡಿಮೆ, ಅದನ್ನ ಹೇಳಿ."

"ಕೋಳೀನ ಕೇಳು. ನನಗೆ ಬಸ್ಸು ತಪ್ಪುತ್ತೆ."

ನಾಲ್ಕು ದಿನ ಕಾದು ಅವಳು ಸಣ್ಣತನಕ್ಕೂ ಇಳಿದಳು. ಅಂಗಡಿಯ ಎರಡು ಮೊಟ್ಟೆಗಳನ್ನು ಗೂಡಿನ ಹುಲ್ಲಿನಲ್ಲಿಟ್ಟು, ಅತ್ತೆಯನ್ನು ಕೈಹಿಡಿದು ಕರೆತಂದು, ತೆಗೆದು ಅಂಗೈಯಲ್ಲಿಟ್ಟಳು. ಅತ್ತೆ ಮೊಟ್ಟೆಯನ್ನು ಕೆನ್ನೆಗೊತ್ತಿ ನೋಡಿದರು.

"ನಿನ್ನ ಕೋಳಿ ಫ್ರಿಜ್ಜಿನಲ್ಲಿ ಮಲಗುತ್ತಾ ಮಗಳೇ?"

ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಅತ್ತೆ ಕನಿಕರದಿಂದ ಕೇಳಿದ್ದರು. ಅದು ಅವಳ ಮೈಗೆ ಮುಳ್ಳಿನಂತೆ ಚುಚ್ಚಿಕೊಂಡಿತು.

ಚಳಿಗಾಲವೆಂದರೆ ಅವಳಿಗೆ ಕೋಟು, ಮಕ್ಕಳ ಉಣ್ಣೆ ಚಡ್ಡಿಗಳ ಕಾಲ, ಕೈತುಂಬ ಕೆಲಸ. ಬೆಳಗಿನ ಐದಕ್ಕೆ ದೀಪ ಹಾಕಿ ಕೂತರೆ ಬಿಸಿಲೇರುವವರೆಗೆ, ಮತ್ತೆ ಹೊತ್ತು ಮುಳುಗುವ ಮುಂಚೆ ಹಾಕಿದರೆ ಊಟದ ಹೊತ್ತಿನವರೆಗೆ, ಯಂತ್ರವಿದ್ದ ಹಿಂದಿನ ಕೋಣೆಯ ದೊಡ್ಡ ಬಲ್ಬು ಉರಿಯುತ್ತಿತ್ತು. ಹೀಗೊಂದು ಸಂಜೆ ಕಿಟಕಿಯಲ್ಲಿ ಒಣಗಲಿಟ್ಟಿದ್ದ ಕಾಲರಿನ ತುಂಡು ಗಾಳಿಗೆ ಹಾರಿ ಗೋಡೆಯಾಚೆ ಬಿತ್ತು. ಕಿರಿಯಳು ಅಂಗಡಿಗೆ ಹೋಗಿದ್ದಳು. ಹಿರಿಯಳು ಕೆಲಸವನ್ನು ಹಾಗೇ ಬಿಟ್ಟು, ಹಿತ್ತಿಲ ಗೇಟು ತೆಗೆದು ಓರಗಿತ್ತಿಯ ಅಂಗಳಕ್ಕೆ ಕಾಲಿಟ್ಟಳು.

ಅಲ್ಲಿ ಅವಳು ಕಂಡದ್ದು ಇಷ್ಟು. ಸುತ್ತ ಕತ್ತಲು ಕವಿದಿತ್ತು. ತನ್ನ ಕಿಟಕಿಯ ಬೆಳಕು ಮಾತ್ರ ಗೋಡೆ ದಾಟಿ ಬಂದು, ಅಳೆದು ಕತ್ತರಿಸಿದ ಬಟ್ಟೆಯಂತೆ ಚೌಕವಾಗಿ, ಕಿರಿಯಳ ಗೂಡಿನ ಜಾಲರಿಯ ಮೇಲೆ ಬಿದ್ದಿತ್ತು. ಒಳಗೆ ಐದು ಕೋಳಿಗಳೂ ನಡು ಮಧ್ಯಾಹ್ನವೆಂಬಂತೆ ಕಾಳು ಹೆಕ್ಕುತ್ತಿದ್ದವು. ಅವಳು ಹಿಂದಿರುಗಿ ತನ್ನ ಗೂಡಿಗೆ ಹೋಗಿ ಗೋಣಿ ಸರಿಸಿದಳು. ಕಾಡಿಗೆಯಂಥ ಕತ್ತಲು. ಅವಳ ಕೋಳಿಗಳು ಎಂದೋ ಮುದುಡಿ ಮಲಗಿಬಿಟ್ಟಿದ್ದವು. ಗೋಣಿ ಸುತ್ತಿದಷ್ಟೂ ತಾನು ಅವುಗಳ ಹಗಲನ್ನು ಕಿತ್ತುಕೊಂಡಿದ್ದೆನೆಂದು ಅವಳಿಗೆ ಹೊಳೆಯಿತು. ಕೋಳಿಗೆ ಬೇಕಾದದ್ದು ಬಿಸಿಯಲ್ಲ, ಉದ್ದನೆಯ ಹಗಲು. ಆ ಹಗಲನ್ನು ಈ ಚಳಿಗಾಲವಿಡೀ, ಕಣ್ಣು ಕೆಂಪಗೆ ಮಾಡಿಕೊಂಡು, ತಾನೇ ಓರಗಿತ್ತಿಗೆ ಹೊಲಿದು ಕೊಟ್ಟಿದ್ದಳು.

ಅವಳು ಯಾರಿಗೂ ಉಸಿರೆತ್ತಲಿಲ್ಲ. ಮರುದಿನವೇ ಗಂಡನ ಕೈಯಲ್ಲಿ ಯಂತ್ರವನ್ನು ಪಕ್ಕದ ಕೋಣೆಗೆ ಎತ್ತಿಡಿಸಿದಳು. ಆ ಕಿಟಕಿ ತೊಟ್ಟಿಯ ಮೂಲೆಗೆ ತೆರೆಯುತ್ತಿತ್ತು. ಗೂಡಿನ ಗೋಣಿಗಳನ್ನೆಲ್ಲ ಕಿತ್ತು, ಗೂಡನ್ನು ತೊಟ್ಟಿಯ ಮರೆಯಿಂದ ಈಚೆಗೆಳೆದು ಕಿಟಕಿಗೆ ಎದುರಾಗಿ ನಿಲ್ಲಿಸಿದಳು. ಹಿಂದಿನ ಕೋಣೆಯ ದೀಪ ಆರಿತು.

ಮೂರು ವಾರ ಕಳೆಯುವಷ್ಟರಲ್ಲಿ ಅವಳ ಗೂಡಿನಲ್ಲಿ ಮೊದಲ ಮೊಟ್ಟೆ ಬಿತ್ತು, ಬೆಚ್ಚಗೆ. ಕಿರಿಯಳ ಕೋಳಿಗಳು ಇಡುವುದನ್ನು ನಿಲ್ಲಿಸಿದ್ದಷ್ಟೇ ಅಲ್ಲ, ಹಗಲು ಇದ್ದಕ್ಕಿದ್ದಂತೆ ತುಂಡಾದುದಕ್ಕೆ ಗರಿಯನ್ನೂ ಉದುರಿಸತೊಡಗಿದವು. ಕಿರಿಯಳು ತಿಂಡಿಯ ತಟ್ಟೆಯನ್ನು ಬದಿಗಿಟ್ಟು ಗೂಡಿನ ಮುಂದೆ ಕೂತಿರುವುದನ್ನು ಹಿರಿಯಳು ಗೋಡೆಯ ಮೇಲಿಂದ ನೋಡಿದಳು. ಒಳಗಿನ ಕೆಂಡಕ್ಕೆ ನೀರು ಚಿಮುಕಿಸಿದಂತಾಯಿತು.

"ಅಕ್ಕಾ, ನಿಮ್ಮ ಕೋಳಿಗೆ ಏನು ಹಾಕ್ತೀರಾ?" ಕಿರಿಯಳು ಕೇಳಿದಳು. "ನನ್ನವು ನೋಡಿ, ಬೋಳಾಗಿಬಿಟ್ಟಿವೆ."

"ನೀನು ಏನು ಹಾಕ್ತೀಯೋ ಅದೇ."

"ಚಳಿ ಇರ್ಬೇಕು. ಆ ಗೋಣಿಗಳು ನಿಮಗೆ ಬೇಡ ಅಲ್ವಾ?"

ಹಿರಿಯಳು ಗೋಣಿಗಳನ್ನು ಕೊಟ್ಟಳು. ಹೇಗೆ ಸುತ್ತಬೇಕೆಂದೂ ತೋರಿಸಿದಳು.

ಅತ್ತೆಯ ಸ್ಟೂಲು ಮರಳಿ ಬಂತು. ಒಲೆಯ ಪಕ್ಕದಲ್ಲಿ, ಅದೇ ಜಾಗದಲ್ಲಿ ಅವರು ಕೂತರು. ಹಿರಿಯಳು ಮೊಟ್ಟೆಯ ತಲೆಯನ್ನು ಚಮಚದಿಂದ ತಟ್ಟಿ, ಉಪ್ಪುದುರಿಸಿ ಕೊಟ್ಟಳು. ಅತ್ತೆ ಒಂದು ಚಮಚ ತಿಂದಿರಬಹುದು. ಬಾಗಿಲಲ್ಲಿ ಕಿರಿಯಳು ನಿಂತಿದ್ದಳು.

"ನನ್ನ ಮನೆ ಬಿಕೋ ಅಂತಿದೆ ಅತ್ತೆ. ಕಾಲು ತಾನಾಗೇ ಈ ಕಡೆ ಬಂತು."

"ಬಾ ಬಾ, ಕೂತ್ಕೋ. ಅವಳಿಗೂ ಒಂದು ಬೇಯಿಸಮ್ಮ."

ಮರುದಿನವೂ ಬಂದಳು. ಮೂರನೆಯ ದಿನ ಅತ್ತೆಗಿಂತ ಮೊದಲೇ ಬಂದು ನೆಲದ ಮೇಲೆ ಕಾಲು ಚಾಚಿ ಕೂತಳು. ಅತ್ತೆ ಅವಳ ಭುಜಕ್ಕೆ ಮೊಣಕೈಯೂರಿ, ಯಾರದೋ ಮನೆಯ ಬೆಕ್ಕಿನ ಕಥೆ ಹೇಳುತ್ತ, ಹಿಂದೆ ಗೋಡೆಯಾಚೆ ಕೇಳುತ್ತಿದ್ದ ಅದೇ ದೊಡ್ಡ ನಗೆ ನಕ್ಕರು. ಆ ನಗೆ ಈಗ ಹಿರಿಯಳ ಅಡುಗೆಮನೆಯಲ್ಲೇ ಇತ್ತು. ಆದರೆ ಅವಳ ಕಡೆಗೆ ತಿರುಗಿರಲಿಲ್ಲ. ಅವಳು ಒಲೆಯ ಕಡೆ ಮುಖ ಮಾಡಿ ಇಬ್ಬರಿಗೂ ಮೊಟ್ಟೆ ಬೇಯಿಸುತ್ತಿದ್ದಳು. ಒಂದು ವಾರ ಹೀಗೇ ನಡೆಯಿತು. ಎಂಟನೆಯ ದಿನ ಅವಳ ಬಾಯಿ ತಾನಾಗಿ ತೆರೆಯಿತು.

"ದೀಪ ಹಾಕು," ಎಂದಳು, ತಿರುಗದೆ.

"ಏನಕ್ಕಾ?"

"ನಿನ್ನ ಗೂಡಿಗೆ. ಬೆಳಿಗ್ಗೆ ಐದಕ್ಕೆ ಹಾಕು, ಬೆಳಕು ಹರಿದ ಮೇಲೆ ತೆಗಿ. ಸಂಜೆ ಮತ್ತೆ ಎರಡು ಮೂರು ತಾಸು. ಕೋಳಿಗೆ ಹಗಲು ಸಾಲ್ತಿಲ್ಲ, ಅಷ್ಟೇ. ಗೋಣಿ ಬಿಚ್ಚಿ ಬಿಸಾಕು. ಹೊಸ ಗರಿ ಬಂದ ಮೇಲೆ ಇಡ್ತವೆ. ಆಮೇಲೆ ನಿನ್ನ ಮನೇಲೇ ಮಾಡ್ಕೊಂಡು ತಿನ್ನು. ನಿನ್ನ ಮನೇಲೇ ಕೂತ್ಕೋ."

ಕೇಳುವವರು ಇಲ್ಲಿ ಹಿರಿಯಳ ಮನಸ್ಸು ಕರಗಿತೆಂದು ಭಾವಿಸಬಹುದು. ಗುಂಡಿಮನೆಯ ಮುದುಕಿ ಅದನ್ನು ಒಪ್ಪುವುದಿಲ್ಲ. "ಕರಗಿದ್ದೂ ಇಲ್ಲ, ಗಿರಗಿದ್ದೂ ಇಲ್ಲ. ಓಡಿಸೋಕೆ ಹೇಳಿದ್ದು," ಎಂದು ಅವಳು ನನಗೆ ಎರಡು ಸಲ ಹೇಳಿದಳು.

ಕಿರಿಯಳಿಗೆ ಮಾತಿನ ಮೊನೆ ತಾಗಲೇ ಇಲ್ಲ. ಅವಳು ಎದ್ದು ಅತ್ತೆಯ ಕೈಹಿಡಿದಳು. "ಬನ್ನಿ ಅತ್ತೆ, ಎಲ್ಲಿ ಕಟ್ಟೋದು ಅಂತ ನೋಡೋಣ. ಮನೇಲಿ ಒಂದು ಹಳೇ ಬಲ್ಬಿದೆ." ಇಬ್ಬರೂ ಹೊರಟುಹೋದರು. ಸ್ಟೂಲು ಇಲ್ಲೇ ಉಳಿಯಿತು. ಒಲೆಯ ಮೇಲೆ ಎರಡು ಮೊಟ್ಟೆ ಕುದಿಯುತ್ತಿದ್ದವು.

ಹಿರಿಯಳು ಒಂದನ್ನು ಸುಲಿದು ನಿಂತಲ್ಲೇ ತಿಂದಳು. ಆ ಚಳಿಗಾಲದಲ್ಲಿ ತನ್ನ ಕೋಳಿಯ ಮೊಟ್ಟೆಯ ರುಚಿಯನ್ನು ಅವಳು ನೋಡಿದ್ದು ಅದೇ ಮೊದಲು. ಈಗ ದೀಪವಿಲ್ಲದ ಹಿಂದಿನ ಕೋಣೆಯ ಕಿಟಕಿಗೆ ಹೋಗಿ ಹೊರಗೆ ನೋಡಿದಳು. ಕಿರಿಯಳು ಏಣಿಯ ಮೇಲಿದ್ದಳು. ಬಲ್ಬನ್ನು ತೊಲೆಯ ಹಿಂದಕ್ಕೆ ಕಟ್ಟುತ್ತಿದ್ದಳು. ಅಲ್ಲಿ ಕಟ್ಟಿದರೆ ಅರ್ಧ ಗೂಡಿಗೆ ನೆರಳು. ಕಟ್ಟಲಿ ಎಂದುಕೊಂಡಳು ಹಿರಿಯಳು. ಕೈಯಲ್ಲಿ ತಂದಿದ್ದ ಎರಡನೆಯ ಮೊಟ್ಟೆಯನ್ನೂ ಸುಲಿದಳು. ಇಪ್ಪತ್ತು ವರ್ಷ ಬೆಳಕು ಎಲ್ಲಿಂದ ಬೀಳುತ್ತದೆಂದು ನೋಡಿಯೇ ಸೂಜಿಗೆ ದಾರ ಪೋಣಿಸಿದವಳು. ಅರ್ಧ ತಿಂದ ಮೊಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು.

"ಅಲ್ಲಲ್ಲ," ಎಂದು ಕಿಟಕಿಯಿಂದ ಕೂಗಿದಳು. ನಗುವಿನಲ್ಲಿ ಅವರಿಗೆ ಕೇಳಿಸಲಿಲ್ಲ.

ಅವಳು ಕೈಯೊರೆಸಿಕೊಂಡು ಹಿತ್ತಿಲ ಗೇಟು ದಾಟಿ ಹೋದಳು. "ಇಳಿ ಕೆಳಗೆ. ಈ ಕಡೆ ಬರ್ಬೇಕು, ಜಾಲರಿಗೆ ಎದುರಾಗಿ." ಕಿರಿಯಳು ಇಳಿದಳು; ಇವಳು ಏರಿದಳು. ಏಣಿಯ ಒಂದು ಕಾಲು ಅಲುಗುತ್ತಿತ್ತು.

"ನಿಧಾನ ಮಗಳೇ," ಎಂದು ಅತ್ತೆ ಮುಂದೆ ಬಂದು ಏಣಿಯನ್ನು ಎರಡೂ ಕೈಗಳಿಂದ ಹಿಡಿದು, ಕತ್ತೆತ್ತಿ ಅವಳನ್ನೇ ನೋಡುತ್ತ ನಿಂತರು. ಕಿರಿಯಳು ಏನೋ ತಮಾಷೆ ಮಾಡಿದಳು. ಅತ್ತೆ ಆ ಕಡೆ ತಿರುಗಲಿಲ್ಲ.

ಹಿರಿಯಳು ವೈರನ್ನು ತೊಲೆಗೆ ಒಂದು ಸುತ್ತು ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಒಂದು ಬಲ್ಬು ಕಟ್ಟುವುದಕ್ಕೆ ಅಷ್ಟು ಹೊತ್ತು ಬೇಕಿರಲಿಲ್ಲ ಎಂಬುದನ್ನು ಕಥೆ ಹೇಳಿದ ಮೂವರೂ ಒಪ್ಪುತ್ತಾರೆ.