ಬೇಲಿಯಾಚೆಯ ನೀಲಗಿರಿ

ಅಮೆರಿಕದ ಮಿಲ್ಪಿಟಾಸಿನಲ್ಲಿ ಮಗಳ ಮನೆಯ ಹಿಂದೆ, ಬೇಲಿಯಾಚೆ ಒಂದು ನೀಲಗಿರಿ ಮರ. ವಾರವಿಡೀ ಸುರಿದ ಮಳೆಗೆ ಅದರ ಬುಡದ ಮಣ್ಣು ಸಡಿಲವಾಗಿತ್ತು. ಉಡುಪಿಯಲ್ಲಿ ಗಣಿತ ಕಲಿಸಿ ನಿವೃತ್ತರಾದ ಜಯಕರ ಮಾಸ್ಟ್ರಿಗೆ ಮರದ ಎತ್ತರ ತಿಳಿಯದೆ ಸಮಾಧಾನವಿಲ್ಲ. ಬಿಸಿಲು ಬಂದದ್ದೇ, ತಮ್ಮ ಮೂರಡಿಯ ಊರುಗೋಲನ್ನು ನೆಟ್ಟಗೆ ನಿಲ್ಲಿಸಿದರು. ಅದರ ನೆರಳು ಎರಡಡಿ. ಕಾಲುದಾರಿಯ ಮೇಲೆ ಮರದ ನೆರಳು ಅರವತ್ತಡಿ. ಎರಡೂ ಸಮರೂಪ ತ್ರಿಭುಜಗಳು. ಹಾಗಾದರೆ ಮರ ತೊಂಬತ್ತಡಿ. ಮರಕ್ಕೂ ಮನೆಗೂ ನಡುವೆ ಇದ್ದದ್ದು ಬರೀ ಐವತ್ತು.

"ಬಿದ್ದರೆ ನಲವತ್ತಡಿ ನಮ್ಮ ಮೇಲೆಯೇ," ಎಂದರು ಮಗಳಿಗೆ.

"ಮರ ನಮ್ಮದಲ್ಲಪ್ಪ," ಎಂದಳು ಪ್ರಣೀತಾ. "ಎಷ್ಟು ಸಲ ಮೇಲ್ ಹಾಕಿದ್ರೂ ಅದರ ಓನರು ಮರ ಹೆಲ್ದೀ ಇದೆ ಅಂತಾನೆ."

"ಹೆಲ್ದೀ ಅಂತೆ. ಬುಡ ನೋಡಿದ್ದಾನಾ ಅವ?"

"ಗಾಳಿ ಬಂದಾಗೆಲ್ಲ ಮನೆ ಬಿಟ್ಟು ಓಡ್ಲಿಕ್ಕಾಗುತ್ತಾ?"

ಸಂಜೆ ಗಾಳಿ ಎದ್ದಿತು. ಮಾಸ್ಟ್ರು ಮೊಮ್ಮಗಳ ತೊಟ್ಟಿಲನ್ನು ಹಿಂದಿನ ಕೋಣೆಯಿಂದ ಎಳೆದು ತಂದು, ಬೀದಿ ಬದಿಯ ಗೋಡೆಗೆ ತಾಗಿಸಿಟ್ಟರು. ಆಮೇಲೆ ಸುಮ್ಮನಿರಲಾರದೆ, ಹಿಂದಿನ ಗೋಡೆಯಿಂದ ಅಲ್ಲಿಯವರೆಗೆ ಟೇಪು ಹಿಡಿದರು.

ಮೂವತ್ತೈದಡಿ. ಮನೆ ಮುಗಿದರೂ ಮರ ಇನ್ನೂ ಐದಡಿ ಉಳಿಯುತ್ತಿತ್ತು.

ಲೆಕ್ಕ ತಪ್ಪಿದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಮಾಸ್ಟ್ರು, ತಮ್ಮದು ತಪ್ಪಿರಲಿ ದೇವರೇ ಎನ್ನುತ್ತಾ ಮತ್ತೊಮ್ಮೆ ಅಳೆದರು.