ಬಚ್ಚಲಗೋಡೆಯ ಹಿಂದಿನ ಸೇವಂತಿಗೆ

ಹಾಗಾದರೆ ಈ ಒಂದು ಗಿಡಕ್ಕೆ ಮಾತ್ರ ಅನ್ನಮ್ಮನ ಕಣ್ಣು ಯಾಕೆ ತಾಗಲಿಲ್ಲ? ಪುಟ್ಟಪ್ಪ ಹಲ್ಲುಜ್ಜುವುದನ್ನು ನಿಲ್ಲಿಸಿ ನೋಡುತ್ತ ನಿಂತ. ಬಚ್ಚಲಗೋಡೆಯ ಹಿಂದೆ, ಬೂದಿ ಸುರಿಯುವ ಜಾಗದ ಪಕ್ಕ, ಯಾರೂ ನೆಟ್ಟದ್ದಲ್ಲದ ಒಂಟಿ ಸೇವಂತಿಗೆ. ಎಲೆ ಕಾಣದಷ್ಟು ಹಳದಿ ಹೂವು. ಇತ್ತ ಅಂಗಳದಂಚಿನ ಪಾತಿಯಲ್ಲಿ ಹೆಂಡತಿ ರಾಧಮ್ಮ ಗೊಬ್ಬರ ಹಾಕಿ, ಕೋಲು ಕಟ್ಟಿ ಸಾಕಿದ ಹದಿನೆಂಟು ಗಿಡಗಳು ಸೊಂಟದೆತ್ತರ ಬೆಳೆದು ಸುಮ್ಮನೆ ಹಸಿರಾಗಿ ನಿಂತಿದ್ದವು. ಮಾರ್ಗಶಿರ ಬಂದರೂ ಒಂದರಲ್ಲೂ ಮೊಗ್ಗಿಲ್ಲ.

ರಾಧಮ್ಮನಿಗೆ ಅದರಲ್ಲಿ ಅನುಮಾನವೇ ಇರಲಿಲ್ಲ. ಆ ಗಿಡ ಮರೆಯಲ್ಲಿತ್ತು, ಅನ್ನಮ್ಮ ಅದನ್ನು ನೋಡಿರಲಿಲ್ಲ, ಅದಕ್ಕೇ ಉಳಿಯಿತು ಎನ್ನುತ್ತಿದ್ದಳು.

ಅನ್ನಮ್ಮ ಗದ್ದೆಯಾಚೆಯ ಮನೆಯವಳು. ಮೆಣಸೆ ಊರಿಗೆ ಅವಳೂ ರಾಧಮ್ಮನೂ ಒಂದೇ ವರ್ಷ ಮದುವೆಯಾಗಿ ಬಂದವರು. ಕೇಳಿ ತಂದ ಹೂವಿನ ಗಿಡ ಬೇರು ಹಿಡಿಯುವುದಿಲ್ಲ ಎಂಬುದು ಈ ಕಡೆಯ ಹೆಂಗಸರ ನಂಬಿಕೆ. ಹಾಗಾಗಿ ಮಳೆಗಾಲ ಶುರುವಾಗುತ್ತಲೇ ಒಬ್ಬಳು ಇನ್ನೊಬ್ಬಳ ಹಿತ್ತಲಿಗೆ ಮಾತಾಡುವ ನೆಪದಲ್ಲಿ ಹೋಗುವುದು, ಮನೆಯವಳು ಕಾಫಿ ಮಾಡುವ ನೆಪದಲ್ಲಿ ಒಳಗೆ ನಡೆಯುವುದು, ಅಷ್ಟರಲ್ಲಿ ಸೇವಂತಿಗೆಯ ನಾಲ್ಕು ಮರಿ ಸೆರಗಿನೊಳಗೆ ಸೇರುವುದು. ಮೂವತ್ತು ವರ್ಷ ಹೀಗೇ ನಡೆದಿತ್ತು. ಈ ಸಲವೂ ಅನ್ನಮ್ಮ ಬಂದಿದ್ದಳು, ರಾಧಮ್ಮ ಒಳಗೆ ಹೋಗಿದ್ದಳು. ಈಗ ಅನ್ನಮ್ಮನ ಅಂಗಳ ಇಲ್ಲಿಗೇ ಹಳದಿಯಾಗಿ ಕಾಣುತ್ತಿತ್ತು. ಒಂದು ತಿಂಗಳಿಂದ ರಾಧಮ್ಮ ಆ ದಾರಿಯಲ್ಲಿ ಕಾಲಿಟ್ಟಿರಲಿಲ್ಲ.

ಪುಟ್ಟಪ್ಪನಿಗೆ ಉತ್ತರ ಸಿಕ್ಕಿದ್ದು ಆ ದಿನ ಸಂಜೆ. ಕತ್ತಲಾಗುತ್ತಿದ್ದಂತೆ ಅಂಗಳದ ದೊಡ್ಡ ದೀಪ ತಾನಾಗಿ ಹತ್ತಿಕೊಂಡಿತು. ಪಾತಿಯ ಒಂದೊಂದು ಎಲೆಯೂ ಹಗಲಿನಂತೆ ಹೊಳೆಯಿತು. ಬಚ್ಚಲಗೋಡೆಯ ನೆರಳು ಮಾತ್ರ ನೆಲದ ಮೇಲೆ ಕೊರೆದಿಟ್ಟಂತೆ ಬಿದ್ದು, ಆ ಒಂಟಿ ಗಿಡವನ್ನು ಪೂರ್ತಿ ಮುಚ್ಚಿತು.

ಮರುದಿನ ಪುಟ್ಟಪ್ಪನ ಜೀಪಿಗೆ ಕೊಪ್ಪಕ್ಕೆ ಬಾಡಿಗೆ ಇತ್ತು. ಜನರನ್ನು ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿ ಜೀಪನ್ನು ನರ್ಸರಿಯ ಮುಂದೆ ನಿಲ್ಲಿಸಿದ. ನರ್ಸರಿಯ ಮಂಜಯ್ಯ ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ನಕ್ಕ.

"ಸೇವಂತಿಗೆಗೆ ಉದ್ದದ ಕತ್ತಲೆ ಬೇಕು ಮಾರಾಯ. ರಾತ್ರಿಯಿಡೀ ಲೈಟು ಹಾಕಿಟ್ರೆ ಅದಕ್ಕೆ ಚಳಿಗಾಲ ಬಂದದ್ದು ಹೆಂಗೆ ಗೊತ್ತಾಗ್ಬೇಕು? ಲೈಟು ತೆಗಿ, ಎರಡು ತಿಂಗ್ಳಲ್ಲಿ ಹೂ ನೋಡ್ತೀಯ."

ಲೈಟು ತೆಗಿ. ಮಂಜಯ್ಯನಿಗೆ ಅದು ಒಂದು ಸ್ವಿಚ್ಚಿನ ಮಾತು.

ದೀಪವನ್ನು ಭಾದ್ರಪದದಲ್ಲಿ ಹಾಕಿಸಿದ್ದು ಪುಟ್ಟಪ್ಪನೇ. ಹಂದಿಗಳು ಅಂಗಳದವರೆಗೂ ಬರುತ್ತವೆ ಎಂದು ರಾಧಮ್ಮನಿಗೆ ಹೇಳಿದ್ದ. ಅದಕ್ಕೂ ಮೊದಲು ಒಂದು ದಿನ, ಜೀಪಿನ ಸಾಮಾನು ತರಬೇಕೆಂದು ಹೇಳಿ ಶಿವಮೊಗ್ಗಕ್ಕೆ ಹೋದವನು ಕಣ್ಣಿನ ಡಾಕ್ಟರರ ಮುಂದೆ ಕೂತಿದ್ದ. ಕಣ್ಣಿನ ಹಿಂದಿನ ಪರದೆ ಸವೆಯುತ್ತಿದೆ, ಮೊದಲು ಕತ್ತಲಲ್ಲಿ ಕಾಣುವುದು ಹೋಗುತ್ತದೆ, ಉಳಿದದ್ದು ನಿಧಾನಕ್ಕೆ ಎಂದಿದ್ದರು. ಘಾಟಿಯ ತಿರುವುಗಳನ್ನು ನಡುರಾತ್ರಿಯಲ್ಲೂ ಹಾಡು ಹೇಳಿಕೊಂಡು ಇಳಿದವನು ಅವನು. ಈಗ ಸಂಜೆ ಆರರ ಮೇಲೆ ಬಾಡಿಗೆ ಕೇಳಿದರೆ ಸೊಂಟನೋವು ಎನ್ನುತ್ತಿದ್ದ. ಆ ದೀಪವಿಲ್ಲದಿದ್ದರೆ ಅಂಗಳ ದಾಟಿ ಬಚ್ಚಲಿಗೆ ಹೋಗಲೂ ಗೋಡೆ ತಡವಬೇಕಿತ್ತು.

ಕೊಪ್ಪದಿಂದ ಬರುವ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ದೀಪದ ವಿಷಯವಷ್ಟೇ ಹೇಳಿದರೆ ರಾಧಮ್ಮ ಆ ಕ್ಷಣವೇ ಆರಿಸುತ್ತಾಳೆ. ಆರಿಸಿದ ಮೇಲೆ ಉಳಿದದ್ದನ್ನೂ ಹೇಳಬೇಕಾಗುತ್ತದೆ. ಹೇಳಿಬಿಡುವುದು ಎಂದುಕೊಂಡೇ ಅಂಗಳಕ್ಕೆ ಜೀಪು ತಿರುಗಿಸಿದ.

ಜಗಲಿಯಲ್ಲಿ ಅನ್ನಮ್ಮ ಕೂತಿದ್ದಳು. ಮಗಳು ಚೈತ್ರಳ ಮದುವೆಗೆ ಕರೆಯಲು ಬಂದಿದ್ದಳು. ಕುಂಕುಮದ ಬಟ್ಟಲಿನ ಪಕ್ಕ ಬಾಳೆಯೆಲೆಯಲ್ಲಿ ಒಂದು ಮೊರದಷ್ಟು ಸೇವಂತಿಗೆ. ರಾಧಮ್ಮ ಕಂಬಕ್ಕೆ ಒರಗಿ ನಿಂತಿದ್ದಳು, ಕೂತಿರಲಿಲ್ಲ.

"ಮದುವೆ ಹಾಲ್ ಕೊಪ್ಪದಲ್ಲಿ," ಎಂದಳು ಅನ್ನಮ್ಮ ಅವನನ್ನು ಕಂಡು. "ಬೆಳಗಿನ ಜಾವ ನಾಲ್ಕಕ್ಕೇ ಮದುಮಗಳು ಇಲ್ಲಿಂದ ಹೊರಡ್ಬೇಕು. ನೀವೇ ಕರ್ಕೊಂಡು ಹೋಗ್ಬೇಕು ಪುಟ್ಟಪ್ಪ. ಬೇರೆ ಯಾರ ಗಾಡಿಲೂ ಕಳ್ಸೋಕೆ ನನಗೆ ಧೈರ್ಯ ಬರಲ್ಲ. ಅವಳು ಹುಟ್ಟುವಾಗ ಆಸ್ಪತ್ರೆಗೆ ನನ್ನನ್ನ ಕರ್ಕೊಂಡು ಹೋದವರೂ ನೀವೇ ಅಲ್ವಾ."

ಪುಟ್ಟಪ್ಪ ಜೀಪಿನ ಕೀಲಿಯನ್ನು ಜೇಬಿಗೆ ಹಾಕಿಕೊಂಡ. ಬೆಳಗಿನ ಜಾವ ನಾಲ್ಕು ಗಂಟೆ, ಮಂಜು, ಪಕ್ಕದಲ್ಲಿ ಮದುಮಗಳು.

ರಾಧಮ್ಮ ಹೂವಿದ್ದ ಬಾಳೆಯೆಲೆಯನ್ನು ಕಾಲ್ಬೆರಳಿನಿಂದ ಸ್ವಲ್ಪವೇ ಸರಿಸಿದಳು. "ನಮ್ಮ ಹಿತ್ಲಿನ ಹೂವು ನಮಗೇ ತಂದು ತೋರಿಸ್ತೀಯ ಅನ್ನಮ್ಮ? ಮರಿ ಕಿತ್ತೆ, ಬೇಡ ಅನ್ಲಿಲ್ಲ. ಜೊತೆಗೆ ಹೂವನ್ನೂ ಕಿತ್ಕೊಂಡು ಹೋದ್ಯಲ್ಲ. ನಾನು ಮದುವೆಗೆ ಬರಲ್ಲ. ಜೀಪೂ ಬರಲ್ಲ."

ಅನ್ನಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವಳು ರಾಧಮ್ಮನನ್ನು ನೋಡಲಿಲ್ಲ, ಪುಟ್ಟಪ್ಪನನ್ನು ನೋಡಿದಳು. ಹೂವು ತಡೆದದ್ದು ದೀಪ ಎಂಬ ಒಂದೇ ಮಾತು ಅವನು ಹೇಳಬೇಕಿತ್ತು. ಪುಟ್ಟಪ್ಪ ನೆಲ ನೋಡಿದ. ಎದೆಯೊಳಗೆ ಏನೋ ಸಡಿಲಾಗಿ ಉಸಿರು ಸರಾಗವಾಯಿತು. ಅದು ನೆಮ್ಮದಿ ಎಂದು ತಿಳಿದಾಗ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಗಾಡಿ ಕ್ಲಚ್ಚೂ ಸರಿ ಇಲ್ಲ ಅನ್ನಮ್ಮ," ಎಂದ.

"ಆಯ್ತು ಬಿಡಿ." ಅವಳು ಕುಂಕುಮದ ಬಟ್ಟಲು ಎತ್ತಿಕೊಂಡಳು. ಹೂವನ್ನು ಅಲ್ಲೇ ಬಿಟ್ಟು ಗದ್ದೆಯಂಚಿನಲ್ಲಿ ನಡೆದು ಹೋದಳು.

ಆ ಸಂಜೆ ರಾಧಮ್ಮ ಪಾತಿಗೆ ಇಳಿದು ಹದಿನೆಂಟು ಗಿಡಗಳನ್ನೂ ಒಂದೊಂದಾಗಿ ಕಿತ್ತಳು. ಅಳುತ್ತಿರಲಿಲ್ಲ, ಬೇರಿನ ಮಣ್ಣನ್ನು ಎಂದಿನಂತೆ ಜೋಪಾನವಾಗಿ ಕೊಡವುತ್ತಿದ್ದಳು. ಕೊನೆಯ ಹೊರೆಯನ್ನು ಅವನ ತೋಳಿಗೆ ಕೊಟ್ಟು, ಗೊಬ್ಬರದ ಗುಂಡಿಗೆ ಹಾಕಿ ಬನ್ನಿ ಎಂದಳು. ಅಷ್ಟರಲ್ಲಿ ದೀಪ ಹತ್ತಿತು.

ಪುಟ್ಟಪ್ಪ ನಡೆದ. ಕೊಟ್ಟಿಗೆಯ ಮೂಲೆಯಲ್ಲಿ ಬೆಳಕು ಮುಗಿಯಿತು. ಗುಂಡಿ ಇನ್ನೂ ಹತ್ತು ಹೆಜ್ಜೆ ಆಚೆ ಇತ್ತು. ಅವನು ಅಲ್ಲಿ ನಿಂತ.

"ಎಂತ ಅಲ್ಲೇ ನಿಂತ್ರಿ?" ರಾಧಮ್ಮ ಕೇಳಿದಳು.

"ಬೆಳಿಗ್ಗೆ ಹಾಕ್ತೀನಿ," ಎಂದು ಅವನು ಹೊರೆಯನ್ನು ಬೆಳಕಿನ ಅಂಚಿಗೇ ಇಳಿಸಿದ.

ಆ ದೀಪ ಹಂದಿಗಳಿಗಲ್ಲ, ತನಗೆ ಎಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.