ಗುಳಿಗೆಯ ಪಾಲು

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಬೆಳಂಬಾರದ ಶಾಲೆಯ ಜಗಲಿಯಲ್ಲಿ ಅರವತ್ತೆರಡು ಮಂದಿಯ ಎದುರು ನಿಂತು ನಾನು ಒಂದು ಮಾತು ಹೇಳಿದೆ. ಹೇಳಿ ಖುಷಿಯೂ ಪಟ್ಟೆ. ಆ ಖುಷಿ ಆರು ವಾರ ಇತ್ತು.

ಅದು 2007ರ ಜೂನ್. ನಾನು ಕಾರವಾರದಲ್ಲಿ ಬಿ.ಎಸ್ಸಿ. ಮುಗಿಸಿದವಳು ನೇರವಾಗಿ ಡಾ. ಗೋದಾವರಿಯವರ ಅಧ್ಯಯನಕ್ಕೆ ಸೇರಿಕೊಂಡಿದ್ದೆ. ಅಧ್ಯಯನ ಇಲಿಜ್ವರದ್ದು. ಮಳೆಗಾಲದಲ್ಲಿ ಕಡಲಿಗೆ ಇಳಿಯುವಂತಿಲ್ಲ, ಹಾಗಾಗಿ ಅಂಕೋಲೆಯ ಕಡೆಯ ಮೀನುಗಾರರು ಗಜನಿ ಗದ್ದೆಗಳಿಗೆ ಕೂಲಿಗೆ ಹೋಗುತ್ತಾರೆ. ಹಿನ್ನೀರು ಹತ್ತಿಳಿಯುವ ಆ ಕೆಸರಿನಲ್ಲಿ ಇಲಿಯ ಮೂತ್ರ ಸೇರಿರುತ್ತದೆ. ಕಾಲಿಗೆ ಚಿಪ್ಪು ತಾಗಿದ ಸಣ್ಣ ಗಾಯ ಇದ್ದರೆ ಸಾಕು, ರೋಗಾಣು ಒಳಗೆ ಹೋಗುತ್ತದೆ. ಜ್ವರ, ಕೆಂಪು ಕಣ್ಣು, ಮೀನಖಂಡದಲ್ಲಿ ತಡೆಯಲಾರದ ನೋವು. ಹೆಚ್ಚಿನವರಿಗೆ ಅಷ್ಟಕ್ಕೇ ಮುಗಿಯುತ್ತದೆ, ಕೆಲವರಿಗೆ ಕಾಮಾಲೆಯಾಗಿ ಕಿಡ್ನಿ ನಿಂತುಹೋಗುತ್ತದೆ. ಮಳೆಗಾಲವಿಡೀ ವಾರಕ್ಕೆ ಎರಡು ಗುಳಿಗೆ ನುಂಗಿದರೆ ಇದನ್ನು ತಡೆಯಬಹುದೇ ಎಂಬುದು ನಮ್ಮ ಪ್ರಶ್ನೆ.

ಉತ್ತರ ಬೇಕಾದರೆ ಅರ್ಧ ಜನರಿಗೆ ಔಷಧ ಕೊಡಬೇಕು, ಅರ್ಧ ಜನರಿಗೆ ಔಷಧದಂತೆಯೇ ಕಾಣುವ ಬರೀ ಹಿಟ್ಟಿನ ಗುಳಿಗೆ ಕೊಡಬೇಕು. ಯಾರಿಗೆ ಯಾವುದು ಎಂಬುದು ಮೊದಲೇ ಚೀಟಿ ಎತ್ತಿದ ಹಾಗೆ ನಿರ್ಧಾರವಾಗಿರುತ್ತದೆ. ಬಾಟಲಿಯ ಮೇಲೆ ನಂಬರು ಮಾತ್ರ. ಒಳಗೇನಿದೆ ಎಂದು ತೆಗೆದುಕೊಳ್ಳುವವರಿಗೂ ಗೊತ್ತಿಲ್ಲ, ಕೊಡುವ ನನಗೂ ಗೊತ್ತಿಲ್ಲ, ಡಾ. ಗೋದಾವರಿಯವರಿಗೂ ಗೊತ್ತಿಲ್ಲ. ಕಾಲೇಜಿನಲ್ಲಿ ಓದಿದ್ದರಲ್ಲೆಲ್ಲ ನನಗೆ ಅತಿ ಇಷ್ಟವಾದದ್ದು ಇದೇ. ಮನುಷ್ಯನ ಕಣ್ಣು ತನಗೆ ಬೇಕಾದ್ದನ್ನೇ ಕಾಣುತ್ತದೆ, ಆದ್ದರಿಂದ ಎಲ್ಲರ ಕಣ್ಣಿಗೂ ಬಟ್ಟೆ ಕಟ್ಟಿಬಿಡು!

ಇದನ್ನೆಲ್ಲ ಶಾಲೆಯ ಜಗಲಿಯಲ್ಲಿ ಒಂದೂ ಬಿಡದೆ ಹೇಳಿದೆ. ಅರವತ್ತು ದಾಟಿದವರಿಗೆ ಗುಳಿಗೆ ಇಲ್ಲ ಎಂದೂ ಹೇಳಿದೆ. ಮೂಲೆಯಲ್ಲಿ ಕೂತಿದ್ದ ಗಂಗೂ ಎಂಬ ಮುದುಕಿ, ಗಂಡ ಇಲ್ಲದವಳು, ಈಗಲೂ ಗದ್ದೆಗೆ ಇಳಿಯುವವಳು, ನನ್ನನ್ನೇ ನೋಡಿ ಕೇಳಿದಳು: "ಹಂಗಾರೆ ಇಲಿಜ್ವರ ಬರೂಕೂ ನಂಗೆ ವಯಸ್ಸು ಮೀರೋಯ್ತಾ?"

ಎಲ್ಲರೂ ನಕ್ಕರು. ನಗದೇ ಇದ್ದವರು ನಾಗು ತಾಂಡೇಲರು ಒಬ್ಬರೇ. ತಾಂಡೇಲ ಅಂದರೆ ಊರವರೆಲ್ಲ ಸೇರಿ ದಡಕ್ಕೆ ಎಳೆಯುವ ರಂಪಣಿ ಬಲೆಯ ಮುಖ್ಯಸ್ಥ. ಬಲೆ ಬಿಡುವುದು, ಎಳೆಯುವುದು, ಕೊನೆಗೆ ಮೀನಿನ ಪಾಲು ಹಾಕುವುದು ಎಲ್ಲವೂ ಅವರ ಮಾತಿನಂತೆ. ಐವತ್ತೆಂಟು ವಯಸ್ಸು, ಹಗ್ಗ ಎಳೆದು ಎಳೆದು ಬೆರಳುಗಳು ಪೂರ್ತಿ ಬಿಚ್ಚುತ್ತಿರಲಿಲ್ಲ. ಅವರು ಕೇಳಿದರು: "ಹಂಗಾರೆ ಇದು ನಮ್ಮ ಪಾಲು ಹಾಕೂ ಹಂಗೇ ಆಯ್ತಲ್ಲೆ ತಂಗೀ?"

ಆ ಪಾಲು ಹಾಕುವುದನ್ನು ನಾನು ನೋಡಿದ್ದೆ. ಎಷ್ಟು ಜನರೋ ಅಷ್ಟು ಮೀನಿನ ಗುಂಪೆಯನ್ನು ಮರಳಿನ ಮೇಲೆ ಹಾಕುತ್ತಾರೆ. ಒಬ್ಬ ಗುಂಪೆಗಳಿಗೆ ಬೆನ್ನು ತಿರುಗಿಸಿ ಕೂರುತ್ತಾನೆ. ತಾಂಡೇಲ ಒಂದು ಗುಂಪೆಯ ಮೇಲೆ ಕೈ ತೋರಿಸಿ "ಇದು ಯಾರ್ದು?" ಎನ್ನುತ್ತಾನೆ. ಬೆನ್ನು ತಿರುಗಿಸಿದವನು ಒಂದು ಹೆಸರು ಹೇಳುತ್ತಾನೆ. ಅವನಿಗೆ ಗುಂಪೆ ಕಾಣುವುದಿಲ್ಲ, ಹಾಗಾಗಿ ಯಾರಿಗೂ ತಕರಾರಿಲ್ಲ. ತನ್ನ ಹೆಸರನ್ನು ಅವನು ಹೇಳಿಕೊಳ್ಳುವಂತಿಲ್ಲ. ಕೊನೆಗೆ ಉಳಿದದ್ದು ಅವನದು. ಇದಕ್ಕಿಂತ ಒಳ್ಳೆಯ ಉದಾಹರಣೆ ಯಾವ ಪುಸ್ತಕದಲ್ಲಿ ಸಿಗುತ್ತದೆ?

"ಹೌದು ಮಾವ, ನಿಮ್ಮ ಪಾಲಿನ ಹಾಗೇ" ಅಂದೆ.

ತಾಂಡೇಲರು ತಲೆಯಾಡಿಸಿದರು, ವಯಸ್ಸು ಮೀರದ ಅರವತ್ತೆರಡು ಜನರೂ ಸಹಿ ಹಾಕಿದರು. ಇಡೀ ಅಧ್ಯಯನವನ್ನು ಒಂದೇ ಮಾತಿನಲ್ಲಿ ತಿಳಿಸಿದೆ ಎಂದು ಮನೆಗೆ ಬಂದು ಅಮ್ಮನ ಹತ್ತಿರ ಕೊಂಕಣಿಯಲ್ಲಿ ಬಡಾಯಿ ಕೊಚ್ಚಿಕೊಂಡೆ.

ಪ್ರತಿ ಸೋಮವಾರ ಕಾರವಾರದಿಂದ ಬಸ್ಸು, ಅಂಕೋಲೆಯಿಂದ ಟೆಂಪೋ. ಬಾಟಲಿ ತೆಗೆದು ಉಳಿದ ಗುಳಿಗೆ ಎಣಿಸುವುದು ನನ್ನ ಕೆಲಸ. ಆ ರಾತ್ರಿ ಊಟದ ಮೇಲೆ ಎರಡು ನುಂಗಬೇಕು. ಅಧ್ಯಯನದ ಬೇರೆ ಊರುಗಳಲ್ಲಿ ಒಬ್ಬರು ಮರೆತಿರುತ್ತಿದ್ದರು, ಇನ್ನೊಬ್ಬರ ಗುಳಿಗೆಯನ್ನು ಮಗು ಚೆಲ್ಲಿರುತ್ತಿತ್ತು. ಬೆಳಂಬಾರದಲ್ಲಿ ಮಾತ್ರ ಅರವತ್ತೆರಡಕ್ಕೆ ಅರವತ್ತೆರಡೂ ಸರಿ. ಐದು ವಾರವೂ ಹಾಗೆಯೇ. ಡಾ. ಗೋದಾವರಿಯವರು ಕಾಗದ ನೋಡಿ, ಮನುಷ್ಯರು ಅಂದ ಮೇಲೆ ಮರೆಯುತ್ತಾರೆ ಮಾನಸಾ, ಇಷ್ಟು ಸರಿ ಇರುವುದು ನನಗೆ ಸರಿ ಕಾಣುವುದಿಲ್ಲ ಎಂದರು. ಒಂದೇ ಬಲೆ ಎಳೆಯುವ ಜನ ಮೇಡಂ, ಶಿಸ್ತು ಅವರ ರಕ್ತದಲ್ಲೇ ಇದೆ ಎಂದು ನಾನು ವಾದ ಮಾಡಿದೆ.

ಆರನೇ ವಾರ ಕಿಶನನಿಗೆ ಜ್ವರ ಬಂತು. ಕಿಶನ ತಾಂಡೇಲರ ಒಬ್ಬನೇ ಮಗ. ಮೂವತ್ತು ವಯಸ್ಸು, ದೊಡ್ಡ ದನಿ, ಪಾಲು ಹಾಕುವಾಗ ಬೆನ್ನು ತಿರುಗಿಸಿ ಕೂತು ಹೆಸರು ಹೇಳುವವನು ಅವನೇ. ಶನಿವಾರ ಮೈ ಬಿಸಿಯಾಯಿತು, ಸೋಮವಾರ ನಾನು ಗುಳಿಗೆ ಎಣಿಸಿ ಹೋದ ಮೇಲೆ ಕಣ್ಣು ಕೆಂಪಾಯಿತು, ಮಂಗಳವಾರ ಅವನ ಹೆಂಡತಿ ವೈಜಯಂತಿ ಮೀನು ಮಾರ್ಕೆಟ್ಟಿಗೆ ಹೋಗುವುದು ಬಿಟ್ಟು ಅವನನ್ನು ಕಾರವಾರದ ಒಂದು ಖಾಸಗಿ ಆಸ್ಪತ್ರೆಗೆ ತಂದಳು. ಬುಧವಾರ ಬೆಳಿಗ್ಗೆ ನಾನು ಹೋಗುವಾಗ ಅವನ ಕಣ್ಣಿನ ಬಿಳಿಭಾಗ ಅರಿಸಿನದ ಹಾಗಿತ್ತು. ಮೂತ್ರ ತೀರಾ ಕಡಿಮೆಯಾಗಿತ್ತು. ಮೀನಖಂಡಕ್ಕೆ ಹೊದಿಕೆ ತಾಗಿದರೂ ನರಳುತ್ತಿದ್ದ.

ಅಲ್ಲಿಯ ಡಾಕ್ಟರಿಗೆ ಮೊದಲು ಇಲಿಜ್ವರದ ಅನುಮಾನವೇ ಬಂದಿತ್ತು. ರಕ್ತವನ್ನು ಹೊರಗೆ ಕಳಿಸಿದ್ದರು, ವರದಿ ಬರಲು ಇನ್ನೂ ಮೂರು ದಿನ. ನಮ್ಮ ಅಧ್ಯಯನದ ಚೀಟಿ ಅವನ ಹತ್ತಿರ ಇದ್ದದ್ದರಿಂದ ಅವರು ಡಾ. ಗೋದಾವರಿಯವರಿಗೆ ಫೋನು ಮಾಡಿ, ಈ ರೋಗಿಯ ಬಾಟಲಿಯಲ್ಲಿ ಏನಿತ್ತು ಎಂದು ಕೇಳಿದರು. ಜೀವದ ಪ್ರಶ್ನೆ ಬಂದಾಗ ಒಂದು ನಂಬರಿನ ಗುಟ್ಟನ್ನು ಮಾತ್ರ ಒಡೆಯಬಹುದು ಎಂಬ ನಿಯಮವಿದೆ. ಹತ್ತು ಗಂಟೆಗೆ ಉತ್ತರ ಬಂತು. ಕಿಶನನದು ನಲವತ್ತೊಂದನೇ ಬಾಟಲಿ. ಅದರಲ್ಲಿದ್ದದ್ದು ನಿಜವಾದ ಔಷಧ.

ಡಾಕ್ಟರು ಯೋಚಿಸಿದ್ದು ತಪ್ಪೆಂದು ನಾನು ಹೇಳಲಾರೆ. ಐದು ವಾರ ಬಿಡದೆ ಔಷಧ ನುಂಗಿದವನಿಗೆ ಅದೇ ಜ್ವರ ಬರುವುದು ಕಡಿಮೆ. ಪ್ಲೇಟ್‌ಲೆಟ್ ಇಳಿದಿದೆ, ಡೆಂಗಿಯೋ ಬೇರೆ ಇನ್ನೇನೋ ಇರಬೇಕು, ಕಿಡ್ನಿ ಸೋತಿರುವಾಗ ಇಲಿಜ್ವರದ ಪೆನಿಸಿಲಿನ್ ಇಂಜೆಕ್ಷನ್ ಸುಮ್ಮನೆ ಚುಚ್ಚುವುದು ಬೇಡ, ಸಲೈನ್ ಹಾಕಿ ಕಾಯೋಣ ಎಂದರು. ನಾನು ಕೆಳಗೆ ಬೆಂಚಿನ ಮೇಲೆ ಕೂತಿದ್ದ ತಾಂಡೇಲರಿಗೂ ವೈಜಯಂತಿಗೂ ಅದನ್ನೇ ತಿಳಿಸಿದೆ. ಸಮಾಧಾನವಾಗಲಿ ಎಂದು, ಕಿಶನಣ್ಣನಿಗೆ ಸಿಕ್ಕಿದ್ದು ಹಿಟ್ಟಲ್ಲ, ನಿಜವಾದ ಗುಳಿಗೆಯೇ ಎಂದೂ ಹೇಳಿದೆ.

ತಾಂಡೇಲರು ಎದ್ದು ಹೊರಗೆ ಹೋದರು. ಆಸ್ಪತ್ರೆಯ ಗೇಟಿನ ಹತ್ತಿರ ಮಳೆಯಲ್ಲೇ ನಿಂತಿದ್ದರು. ಮಧ್ಯಾಹ್ನ ಊಟಕ್ಕೆ ಕರೆದರೂ ಬರಲಿಲ್ಲ. ಮೂರು ಗಂಟೆಯ ಹೊತ್ತಿಗೆ ಒದ್ದೆ ಅಂಗಿಯಲ್ಲೇ ಬಂದು ನನ್ನ ಎದುರು ನಿಂತರು.

"ಆ ಗುಳಿಗೆ ತಕಂಡವ್ರಿಗೆ ಈ ಜ್ವರ ಬರೂದೇ ಇಲ್ವಾ ತಂಗೀ?"

ಅಪರೂಪ ಮಾವ, ಎಂದೆ.

"ಅದ್ಕೇ ಇಂಜೆಕ್ಷನ್ ಕೊಡ್ಲಿಲ್ವಾ ಅಂವಂಗೆ?"

ಹೌದೆಂದೆ. ಅವರು ವೈಜಯಂತಿಯನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ.

"ಅಂವ ನುಂಗಿದ್ದು ಆ ಬಾಟ್ಲಿದಲ್ಲ."

ನನಗೆ ಅರ್ಥವಾಗಲಿಲ್ಲ. ನಂಬರು ಅದಲುಬದಲಾಯಿತೇ ಎಂದು ಕೇಳಿದೆ. ಅವರು ನಿಧಾನವಾಗಿ, ಚಿಕ್ಕ ಮಗುವಿಗೆ ಹೇಳುವ ಹಾಗೆ ಹೇಳಿದರು.

"ನೀ ಹೇಳದ್ದು ನಮ್ಗೆ ಸಮಾ ಅರ್ಥ ಆಗಿತ್ತು. ಅರ್ಧ ಜನಕ್ಕೆ ಮದ್ದು, ಅರ್ಧ ಜನಕ್ಕೆ ಹಿಟ್ಟು. ಒಬ್ಬಂಗೆ ಬಂಗಡೆ ಕೊಟ್ಟು ಇನ್ನೊಬ್ಬಂಗೆ ಮಳಲು ಕೊಟ್ರೆ ಅದೆಂತಾ ಪಾಲು? ಪಾಲಿನಂಗೇ ಹೇಳಿ ನೀನೇ ಅಂದಿದ್ದೆ. ಅದ್ಕೇ ಪಾಲು ಹಾಕ್ದೆ."

ಪ್ರತಿ ಸೋಮವಾರ ನನ್ನ ಟೆಂಪೋ ತಿರುವಿನಲ್ಲಿ ಮರೆಯಾದ ಮೇಲೆ ಎಲ್ಲರೂ ತಮ್ಮ ತಮ್ಮ ಬಾಟಲಿಯಿಂದ ಎರಡೆರಡು ಗುಳಿಗೆ ತಂದು ತಾಂಡೇಲರ ಜಗಲಿಯಲ್ಲಿದ್ದ ಬಿದಿರಿನ ಗೆರಸಿಗೆ ಹಾಕುತ್ತಿದ್ದರಂತೆ. ಅವರು ಕೈಯಾಡಿಸಿ ಬೆರೆಸಿ, ಚಾಪೆಯ ಮೇಲೆ ಎರಡೆರಡರ ಅರವತ್ತೆರಡು ಪಾಲು ಹಾಕುತ್ತಿದ್ದರಂತೆ. ಎಲ್ಲರಿಗೂ ಒಂದಲ್ಲ ಒಂದು ವಾರ ಮದ್ದು ಬಂದೀತು, ಯಾರೂ ಬರೀ ಹಿಟ್ಟಿನಲ್ಲೇ ಮಳೆಗಾಲ ಕಳೆಯಬಾರದು ಎಂದು. ತಾಂಡೇಲರ ಪಾಲಿನ ಎರಡು ಗಂಗೂ ಮುದುಕಿಗೆ ಹೋಗುತ್ತಿತ್ತು, ಏಕೆಂದರೆ ಬಲೆ ಎಳೆಯಲಾಗದವರಿಗೂ ಆ ಊರಿನಲ್ಲಿ ಪಾಲು ಉಂಟು. ಬೆನ್ನು ತಿರುಗಿಸಿ ಕೂತು ಹೆಸರು ಹೇಳುತ್ತಿದ್ದವನು ಕಿಶನ. ಐದು ವಾರವೂ ಅವನು ನುಂಗಿದ್ದು ಚಾಪೆಯಲ್ಲಿ ಕೊನೆಗೆ ಉಳಿದದ್ದನ್ನು.

"ಹೊರಗೆ ಗೊತ್ತಾದ್ರೆ ಗುಳಿಗೆ ನಿಲ್ಲಿಸ್ತಾರೆ, ಯಾರೂ ಬಾಯಿ ಬಿಡೂಕಾಗ ಹೇಳಿ ಎಲ್ಲರ ಹತ್ರ ಮಾತು ತಕಂಡಂವ ನಾನು" ಎಂದರು. "ಈಗ ನಾನೇ ಮುರದೆ."

ವೈಜಯಂತಿ ದನಿ ಏರಿಸದೆ ಕೇಳಿದಳು: "ಇದ್ನ ಬೆಳಿಗ್ಗೆ ಹೇಳೂಕಾಗ್ಲಿಲ್ವಾ ಮಾವ?"

ಆ ಮಾತಿಗೆ ಅವರು ಏನು ಹೇಳಿದರು ಎಂದು ನನಗೆ ಗೊತ್ತಿಲ್ಲ, ನಾನು ಆಗಲೇ ಮೆಟ್ಟಿಲ ಮೇಲಿದ್ದೆ. ಡಾಕ್ಟರು ನನ್ನ ಮಾತು ಮುಗಿಯುವುದರೊಳಗೆ ನರ್ಸನ್ನು ಕರೆದರು. ನಾಲ್ಕು ಗಂಟೆಗೆ ಪೆನಿಸಿಲಿನ್ ಶುರುವಾಯಿತು. ಆ ಸಂಜೆಯೇ ಡಯಾಲಿಸಿಸ್ಸಿಗೆಂದು ಅವನನ್ನು ಅಂಬುಲೆನ್ಸಿನಲ್ಲಿ ಗೋವೆಗೆ ಒಯ್ದರು. ಮೂರು ದಿನದ ಮೇಲೆ ರಕ್ತದ ವರದಿ ಬಂತು. ಇಲಿಜ್ವರವೇ. ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗಿನ ಆ ಆರು ಗಂಟೆ ಅವನಿಂದ ಎಷ್ಟನ್ನು ಕಿತ್ತುಕೊಂಡಿತು ಎಂದು ಹೇಳುವ ಪರೀಕ್ಷೆ ಯಾವುದೂ ಇಲ್ಲ. ಹತ್ತೊಂಬತ್ತು ದಿನ ಅವನು ಗೋವೆಯಲ್ಲಿದ್ದ. ಬದುಕಿ ಬಂದ.

ಡಾ. ಗೋದಾವರಿಯವರು ಬೈಯಲಿಲ್ಲ. ಎದುರಿಗೆ ಕೂರಿಸಿಕೊಂಡು, ನಡೆದದ್ದನ್ನೆಲ್ಲ ಬರಿ, ನೀನು ಅಲ್ಲಿ ಆಡಿದ ಮಾತನ್ನೂ ಆಡಿದ ಹಾಗೆಯೇ ಬರಿ ಎಂದರು. ಬರೆದೆ. ಬೆಳಂಬಾರದ ಅರವತ್ತೆರಡು ಹೆಸರುಗಳನ್ನು ಅಧ್ಯಯನದಿಂದ ತೆಗೆದುಹಾಕಲಾಯಿತು. ಆ ಸೋಮವಾರ ನಾನೂ ಅವರೂ ಒಟ್ಟಿಗೆ ಹೋಗಿ ಬಾಟಲಿಗಳನ್ನು ವಾಪಸು ತೆಗೆದುಕೊಂಡೆವು. ತಾಂಡೇಲರು ಹೆದರಿದ ಹಾಗೆಯೇ ಆಯಿತು. ಜ್ವರ ಬಂದ ದಿನವೇ ಫೋನು ಮಾಡಿ, ಕಾಯಬೇಡಿ ಎಂದು ಮೇಡಂ ಮನೆಮನೆಗೆ ಹೋಗಿ ಹೇಳಿದರು. ಗಂಗೂ ಮುದುಕಿಯ ಹತ್ತಿರ ಬಾಟಲಿ ಇರಲಿಲ್ಲ. ಆದರೂ ಬಂದು ನನ್ನ ಚೀಲದ ಒಳಗೆ ಇಣುಕಿ ನೋಡಿ ಹೋದಳು.

ನೂಲಹುಣ್ಣಿಮೆಗೆ, ಮೀನುಗಾರಿಕೆ ಮತ್ತೆ ಶುರುವಾಗುವ ದಿನ, ಕಡಲಿಗೆ ಕಾಯಿ ಬಿಟ್ಟರು. ಮರುವಾರ ಮೊದಲ ರಂಪಣಿ ಎಂದು ವೈಜಯಂತಿ ಹೇಳಿಕಳಿಸಿದ್ದಳು. ಕರೆದದ್ದು ಏಕೆಂದು ತಿಳಿಯದೆಯೇ ಹೋದೆ. ನಾನು ಹೋಗುವಾಗ ಬಲೆ ದಡಕ್ಕೆ ಬಂದಾಗಿತ್ತು. ತಾರ್ಲೆ ಮೀನು, ನಡುನಡುವೆ ಬಂಗಡೆ. ಗುಂಪೆಗಳೂ ಆಗಿದ್ದವು. ಆದರೆ ಪಾಲು ನಿಂತಿತ್ತು. ನಾಗು ತಾಂಡೇಲರು ದೂರದಲ್ಲಿ ದೋಣಿಗೆ ಒರಗಿ ಕೂತಿದ್ದರು. ಇನ್ನು ಪಾಲು ಹಾಕುವುದಿಲ್ಲ, ಬೇರೆ ಯಾರಾದರೂ ಹಾಕಿ ಎಂದುಬಿಟ್ಟಿದ್ದರಂತೆ. ಬೇರೆ ಯಾರೂ ಮುಂದೆ ಬಂದಿರಲಿಲ್ಲ. ಕಾಗೆಗಳು ಹತ್ತಿರ ಹತ್ತಿರ ಬರುತ್ತಿದ್ದವು.

ನಾನು ಹೋಗಿ ಅವರ ಪಕ್ಕ ಕೂತೆ. ಅವರು ಕಡಲಿನ ಕಡೆಗೇ ನೋಡುತ್ತ ಕೇಳಿದರು: "ನಲವತ್ತೊಂದರಲ್ಲಿ ಮದ್ದಿತ್ತು. ನಾ ಬೆರ್ಸದೇ ಹೋಗಿದ್ರೆ ಅಂವಂಗೆ ಜ್ವರ ಬರ್ತಿತ್ತಾ?"

ಈ ಪ್ರಶ್ನೆಯನ್ನು ನಾನೂ ಎಷ್ಟೋ ಸಲ ಕೇಳಿಕೊಂಡಿದ್ದೆ. ಬರುತ್ತಿರಲಿಲ್ಲ ಎಂದು ಹೇಳಲು ನಮ್ಮ ಹತ್ತಿರ ಉತ್ತರವೇ ಇರಲಿಲ್ಲ, ಆ ಉತ್ತರ ಹುಡುಕಲೆಂದೇ ಅಧ್ಯಯನ ಮಾಡುತ್ತಿದ್ದದ್ದು. ಇನ್ನೊಂದು ಲೆಕ್ಕವೂ ನನ್ನ ತಲೆಯಲ್ಲಿತ್ತು. ಬೆರೆಸದೇ ಇದ್ದರೆ ಮೂವತ್ತೊಂದು ಜನರಿಗೆ ಬರೀ ಹಿಟ್ಟು. ಅವರಲ್ಲಿ ಯಾರಿಗೂ ಜ್ವರ ಬರಲಿಲ್ಲ. ಅದು ಪಾಲಿನಿಂದಲೋ, ಹಾಗೆಯೇ ಆದದ್ದೋ? ಅದೂ ಗೊತ್ತಿಲ್ಲ. ಅದನ್ನು ಹೇಳಿ ಅವರನ್ನು ಸಮಾಧಾನ ಮಾಡಬಹುದಿತ್ತು. ಒಮ್ಮೆ ಹಾಗೆ ಸುಲಭವಾದ ಮಾತು ಹೇಳಿ ಆಗಿತ್ತು.

"ಗೊತ್ತಿಲ್ಲ ಮಾವ" ಎಂದೆ. "ಯಾರಿಗೂ ಗೊತ್ತಿಲ್ಲ."

ಅವರು ಹೂಂ ಎಂದರು. ಅಷ್ಟರಲ್ಲಿ ವೈಜಯಂತಿಯ ಹೆಗಲು ಹಿಡಿದುಕೊಂಡು ಕಿಶನ ಬಂದ. ಅಂಗಿ ಅವನ ಮೈಮೇಲೆ ಬೇರೆಯವರದ್ದರ ಹಾಗೆ ಜೋಲುತ್ತಿತ್ತು. ಈ ವರ್ಷ ಹಗ್ಗ ಮುಟ್ಟುವ ಹಾಗಿಲ್ಲ ಎಂದು ಗೋವೆಯ ಡಾಕ್ಟರು ಹೇಳಿದ್ದರು. ಅವನು ಯಾರನ್ನೂ ಕೇಳದೆ ಒಂದು ಬುಟ್ಟಿಯನ್ನು ಬೋರಲು ಹಾಕಿ, ಗುಂಪೆಗಳಿಗೆ ಬೆನ್ನು ಮಾಡಿ ಕೂತ.

"ಅಪ್ಪಾ, ಮೀನು ಹಾಳಾಗ್ತದೆ. ಕೈ ತೋರ್ಸು."

ತಾಂಡೇಲರು ಏಳಲಿಲ್ಲ. ವೈಜಯಂತಿ ಅವರ ಹತ್ತಿರ ಬಂದು ನಿಂತಳು. ಆಸ್ಪತ್ರೆಯ ಆ ದಿನದಿಂದ ಅವರಿಬ್ಬರಿಗೆ ಮಾತಿರಲಿಲ್ಲ ಎಂದು ನನಗೆ ಆಮೇಲೆ ತಿಳಿಯಿತು.

"ಏಳಿ ಮಾವ" ಎಂದಳು. "ಅಂವ ಜಾಸ್ತಿ ಹೊತ್ತು ಕೂರೂಕಾಗ."

ಅವರು ಎದ್ದರು. ಮೊದಲ ಗುಂಪೆಯ ಮೇಲೆ ಕೈ ಚಾಚಿದರು. ಇದು ಯಾರ್ದು ಎಂದು ಕೇಳಿದರು. ಕಿಶನ, ಗಂಗೂ ದೊಡ್ಡಮ್ಮಂದು ಎಂದ. ಅವನ ದನಿ ಮೊದಲಿನಂತಿರಲಿಲ್ಲ, ದೂರ ನಿಂತವರು ಕಿವಿಗೊಡಬೇಕಾಯಿತು. ಒಂದೊಂದೇ ಹೆಸರು, ಒಂದೊಂದೇ ಬುಟ್ಟಿ. ನಡುವೆ ಎರಡು ಸಲ ಅವನು ಉಸಿರಿಗಾಗಿ ನಿಂತ, ಎಲ್ಲರೂ ಕಾದರು.

ಕೊನೆಗೆ ಒಂದು ಗುಂಪೆ ಉಳಿಯಿತು. ಅದು ಯಾರದೆಂದು ಕೇಳುವ ಕ್ರಮವಿಲ್ಲ. ತಾಂಡೇಲರು ಅದರ ಎದುರು ಕುಕ್ಕರಗಾಲಿನಲ್ಲಿ ಕೂತರು. ಪಕ್ಕದಲ್ಲಿ ಅವರ ಸ್ವಂತ ಪಾಲಿನ ಬುಟ್ಟಿ ಇತ್ತು. ಅದರಿಂದ ಒಂದು ದೊಡ್ಡ ಬಂಗಡೆಯನ್ನು ಎತ್ತಿ, ಮಗನ ಗುಂಪೆಯ ಮೇಲೆ ಹಿಡಿದರು. ಕಿಶನನ ಬೆನ್ನು ಇನ್ನೂ ಇತ್ತ ಇತ್ತು, ಅವನಿಗೆ ಕಾಣುತ್ತಿರಲಿಲ್ಲ. ಸುತ್ತ ನಿಂತವರೆಲ್ಲ ನೋಡುತ್ತಿದ್ದರು.

ಅವರು ತುಸು ಹೊತ್ತು ಹಾಗೆಯೇ ಹಿಡಿದುಕೊಂಡಿದ್ದರು. ಆಮೇಲೆ ಮೀನನ್ನು ತಮ್ಮ ಬುಟ್ಟಿಗೇ ಹಾಕಿ, "ಆಯ್ತು, ತಿರಗು" ಎಂದರು.